ಕೆಸರುಗದ್ದೆಯ ದುಡ್ಡು, ಪಂಚಾಯಿತಿಯ ನೀರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿ ನಿನಗೆ ಗೊತ್ತಿದ್ದದ್ದೇ, ಬಿಡು. ನನ್ನನ್ನು ಕಾಡಿದ್ದು ನಿನ್ನ ಕಾಗದದ ಒಂದೇ ಮಾತು. ಕೆಸರುಗದ್ದೆ ಓಟ ಮಾಡಿ ದುಡ್ಡು ಕೂಡಿಸಿ ಶಾಲೆಗೆ ನೀರಿನ ಪೈಪು ಹಾಕಿಸಿದರೆ, ‘ಇವರೇ ಮಾಡಿಕೊಳ್ಳುತ್ತಾರಲ್ಲ’ ಎಂದು ಪಂಚಾಯಿತಿಯವರು ಕೈತೊಳೆದುಕೊಂಡಾರೇ ಎಂದು ಕೇಳಿದ್ದೀ. ಕೈತೊಳೆದುಕೊಳ್ಳುತ್ತಾರೆ, ಮಗಾ. ಕುಡಿಯುವ ನೀರು, ಬೀದಿದೀಪ ಗ್ರಾಮ ಪಂಚಾಯಿತಿಯ ಹೊಣೆ ಎಂದು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಚಂದಾದಲ್ಲಿ ಹಾಕಿಸಿದ ಪೈಪು ಅವರ ಆಸ್ತಿಯ ಪಟ್ಟಿಗೆ ಸೇರದೆ ಹೋದರೆ, ನಾಳೆ ಒಡೆದಾಗ ‘ಅದು ನಮ್ಮದಲ್ಲ’ ಎನ್ನುವುದು ಸುಲಭ.

ಹಾಗೆಂದು ಓಟ ಬಿಡಬೇಡ. ಆ ದುಡ್ಡು ಕಥೆಪುಸ್ತಕ, ವಾಲಿಬಾಲ್ ನೆಟ್ಟು, ಮಕ್ಕಳ ಬಹುಮಾನಕ್ಕೆ ಹೋಗಲಿ. ನೀರನ್ನು ಮಾತ್ರ ನಿಮ್ಮ ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆಯಲ್ಲಿ ಕೇಳು. ಬಾಯಿಮಾತಲ್ಲಿ ಕೇಳಿದರೆ ಗಾಳಿಗೆ ಹೋಗುತ್ತದೆ. ಎರಡು ಪ್ರತಿ ಅರ್ಜಿ ಬರೆದು ಒಂದಕ್ಕೆ ಸೀಲು, ತಾರೀಕು ಹಾಕಿಸಿಕೋ. ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಎದ್ದು ಬರಬೇಡ. ‘ಕೋರಂ ಇಲ್ಲ’, ಅಂದರೆ ಬೇಕಾದಷ್ಟು ಜನ ಸೇರಿಲ್ಲ ಎಂದು ಮುಂದೂಡುವುದು ಹಳೆಯ ಉಪಾಯ, ಅದಕ್ಕೆ ಓಣಿಯವರನ್ನು ಜೊತೆಗೇ ಕರೆದುಕೊಂಡು ಹೋಗು. ನಡಾವಳಿಯ ನಕಲು ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ, ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, 30 ದಿನದೊಳಗೆ ಉತ್ತರಿಸಬೇಕು.

ಸಭೆಯಲ್ಲಿ ವಾರ್ಡಿನ ಸದಸ್ಯೆಯ ಗಂಡನೇ ಮೈಕು ಹಿಡಿಯುತ್ತಾನೆ ಎಂದೂ ಬರೆದಿದ್ದೀ. ಸಭೆಗೆ ಅಧ್ಯಕ್ಷತೆ ಅವಳದ್ದು, ಅವನದ್ದಲ್ಲ. ಗದ್ದಲ ಬೇಡ, ಪ್ರಶ್ನೆಯನ್ನು ಅವಳ ಹೆಸರು ಹಿಡಿದೇ ಕೇಳು. ಅಭ್ಯಾಸವಿಲ್ಲದವರಿಗೆ ಮೊದಲು ಮಾತು ಬರುವುದಿಲ್ಲ, ಅದನ್ನೂ ಸಹಿಸು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟಾಗ ನಕ್ಕವರಿದ್ದರು, ಈಗ ಅರ್ಧ ಸ್ಥಾನ ಅವರದ್ದೇ. ಆ ಚುನಾವಣೆಯ ಹಿಂದಿದ್ದ ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರನ್ನು ಕೊಳವೆಬಾವಿಗಳಿಗಾಗಿ ‘ನೀರ್ ಸಾಬ್’ ಎಂದೇ ಜನ ಕರೆಯುತ್ತಿದ್ದರು. ಅಷ್ಟು ದಾರಿ ತೆರೆದಿದ್ದರೂ ನಮ್ಮ ಪ್ರಾಯದವರು ಓಟು ಹಾಕಿ ಮನೆಯಲ್ಲೇ ಕೂತೆವು. ಸುಮಾರು 400 ಜನಕ್ಕೊಬ್ಬ ಸದಸ್ಯ, ಅಷ್ಟು ಹತ್ತಿರದವರನ್ನೂ ಕೇಳಲಿಲ್ಲ. ನಿನ್ನ ಪ್ರಶ್ನೆ ಓದಿದಾಗ ಅದೇ ಚುಚ್ಚಿತು.

ಇನ್ನು ಗದ್ದೆ. ನೀನೇ ತಿಳಿದವಳು, ಆದರೂ ಬರೆಯುತ್ತೇನೆ. ಉತ್ತು ಹದ ಮಾಡಿ, ಕೆಸರು ಕಣಕಾಲಿನಿಂದ ಮೇಲೆ ಬಾರದಂತೆ ನೋಡಿಕೋ. ಮೊಣಕಾಲಿಗೆ ಬಂದರೆ ಮಕ್ಕಳ ಕಾಲು ಸಿಕ್ಕಿ ಉಳುಕುತ್ತದೆ. ಹಿಂದಿನ ದಿನ ನಾಲ್ಕಾರು ಜನ ಸಾಲಾಗಿ ಬರಿಗಾಲಲ್ಲಿ ನಿಧಾನ ನಡೆದು ಬಸವನಹುಳುವಿನ ಚಿಪ್ಪು, ಗಾಜು, ಕೂಳೆ ಹೆಕ್ಕಬೇಕು. ಗಾಯವಿದ್ದವರನ್ನು ಇಳಿಸಲೇಬೇಡ, ಮಳೆಗಾಲದಲ್ಲಿ ಇಲಿಜ್ವರದ ಭಯವಿದೆ. ಆಟ ಮುಗಿದ ಮೇಲೆ ಸೋಪು ಹಾಕಿ ಕಾಲು ತೊಳೆಯಲು ಟ್ಯಾಂಕಿನ ನೀರು ತಯಾರಿರಲಿ. ಹಗ್ಗಜಗ್ಗಾಟಕ್ಕೆ ನೈಲಾನ್ ಬೇಡ, ಕೆಸರು ಕೈಯಲ್ಲಿ ಜಾರಿ ಅಂಗೈ ಸುಡುತ್ತದೆ. ದಪ್ಪ ತೆಂಗಿನನಾರಿನ ಹಗ್ಗ ಒಳ್ಳೆಯದು, ಸೊಂಟಕ್ಕೆ ಸುತ್ತಿಕೊಳ್ಳಲು ಯಾರಿಗೂ ಬಿಡಬೇಡ.

ವೇದಿಕೆಗೆ ಸದಸ್ಯೆಯನ್ನು ಕರೆ. ಆದರೆ ‘ಪಂಚಾಯಿತಿಯ ಸಹಕಾರದಿಂದ’ ಎಂದು ಬ್ಯಾನರಿನಲ್ಲಿ ಬರೆಸಬೇಡ. ನಿನ್ನ ಹೆದರಿಕೆ ನಿಜವಾಗುವುದು ಆ ಒಂದು ಸಾಲಿನಿಂದಲೇ: ನಾಳೆ ನೀರು ಕೇಳಿದಾಗ ಅದೇ ಫೋಟೋ ತೋರಿಸಿ ‘ಆಗಲೇ ಸಹಕರಿಸಿದ್ದೇವೆ’ ಎಂದಾರು. ಬದಲಿಗೆ ಓಟದ ಪಟ್ಟಿಯ ಕೆಳಗೆ, ಯಾವ ದುಡ್ಡು ಯಾವುದಕ್ಕೆ, ನೀರಿನ ಅರ್ಜಿ ಯಾವ ತಾರೀಕಿನದು ಎಂದು ಅಚ್ಚು ಹಾಕಿಸು. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ, ಎಣಿಸುವಾಗ ಇಬ್ಬರು ಕೂರಲಿ, ಹಣ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಗೇ ಹೋಗಲಿ.

ಉಪದೇಶ ಹೆಚ್ಚಾಯಿತು, ಕ್ಷಮಿಸು. ಅರ್ಜಿಯ ಕರಡು ಕಳಿಸಿದರೆ ತಿದ್ದಿಕೊಡುತ್ತೇನೆ, ಸಭೆಯ ತಾರೀಕು ಗೊತ್ತಾದ ಕೂಡಲೇ ತಿಳಿಸು.

ಇಂತಿ,
ನಿನ್ನ ಮಾವ