ನೈಟ್ ಡ್ಯೂಟಿಯ ಸಿಸ್ಟರ್‌ಗೆ

ಬರುವ ಭಾನುವಾರ ನಮ್ಮ ಮಗಳಿಗೆ ಒಂದು ವರ್ಷ ತುಂಬುತ್ತದೆ. ಹುಟ್ಟಿದಾಗ ಗರ್ಭಕ್ಕೆ 29 ವಾರ, ತೂಕ 1,080 ಗ್ರಾಂ. ಆಮೇಲೆ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕಳೆದ ದಿನಗಳ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ದಿನಾ ಊಟದ ಕ್ಯಾರಿಯರ್ ಹೊತ್ತ ಅತ್ತಿಗೆ, ಕೇಳುವ ಮೊದಲೇ ದುಡ್ಡು ಹೊಂದಿಸಿದ ಗೆಳೆಯರು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳನ್ನು ತರಲು ಐಸ್ ಡಬ್ಬಿ ಹಿಡಿದು ಓಡಿ, 'ಇದನ್ನ ಐಸಲ್ಲಿ ಇಡಬಾರದು, 20ರಿಂದ 24 ಡಿಗ್ರಿಯಲ್ಲೇ ಇರಬೇಕು' ಅಂತ ಬ್ಲಡ್ ಬ್ಯಾಂಕಿನಲ್ಲಿ ಹೇಳಿಸಿಕೊಂಡು ಬಂದ ಭಾವಮೈದ, ಮುಖವನ್ನೇ ನೋಡದ ಆ ದಾನಿ, ಎಲ್ಲರಿಗೂ ಕೈಮುಗಿಯುತ್ತೇನೆ.

ಪ್ಲೇಟ್‌ಲೆಟ್ ಕೊಟ್ಟ ಆ ರಾತ್ರಿ ಜೊತೆಗಿದ್ದ ಸಿಸ್ಟರ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಬರೆಯಬೇಕು.

ಸಂಜೆ ಪಾಪುವಿನ ಪ್ಲೇಟ್‌ಲೆಟ್ ಕೌಂಟ್ 38 ಸಾವಿರ ಅಂದರು. ಡೆಂಗಿ ಬಂದ ಮನೆಗಳಲ್ಲಿ ಪ್ಲೇಟ್‌ಲೆಟ್ ಲೆಕ್ಕ ಕೇಳಿ ಹೆದರಿದವರು ನಾವು. 'ಯಾಕೆ ಕೊಡ್ತಿಲ್ಲ?' ಅಂತ ಸಿಸ್ಟರ್ ಮೇಲೆ ಕೂಗಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಸ್ಟೂಲ್ ಎಳೆದು ಕೂರಿಸಿ, 'ಅಣ್ಣ, ಪಾಪುಗೆ ಎಲ್ಲೂ ರಕ್ತ ಬರ್ತಿಲ್ಲ. 25 ಸಾವಿರಕ್ಕಿಂತ ಇಳಿದ್ರೆ ಕೊಡ್ತೀವಿ. ಮುಂಚೇನೇ ಕೊಟ್ರೆ ಇಷ್ಟು ಸಣ್ಣ ಜೀವಕ್ಕೆ ತೊಂದರೆ ಆಗಬಹುದು' ಅಂದರು. ನಂಬಲಿಲ್ಲ. ತಿಂಗಳುಗಳ ನಂತರ ಓದಿದೆ: ಬ್ರಿಟನ್, ಐರ್ಲೆಂಡ್, ನೆದರ್‌ಲೆಂಡ್ಸ್‌ನಲ್ಲಿ ಅವಧಿಗೆ ಮೊದಲೇ ಹುಟ್ಟಿದ 660 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ. ಕೌಂಟ್ 50 ಸಾವಿರಕ್ಕಿಂತ ಇಳಿದ ಕೂಡಲೇ ಕೊಟ್ಟ ಗುಂಪಿನಲ್ಲಿ 100ಕ್ಕೆ 26 ಮಕ್ಕಳು ತೀರಿಕೊಂಡಿದ್ದವು ಇಲ್ಲವೇ ದೊಡ್ಡ ರಕ್ತಸ್ರಾವಕ್ಕೆ ಸಿಕ್ಕಿದ್ದವು. 25 ಸಾವಿರದವರೆಗೆ ಕಾದ ಗುಂಪಿನಲ್ಲಿ 19. ಕೊಡದೆ ಕಾದದ್ದೂ ನನ್ನ ಮಗಳ ಆರೈಕೆಯೇ ಆಗಿತ್ತು.

ರಾತ್ರಿ ಎರಡಕ್ಕೆ 21 ಸಾವಿರ. ಚೀಲದ ನಂಬರನ್ನು ಇಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಿದರು. ಕಿಲೋಗೆ 15 ಎಂಎಲ್ ಲೆಕ್ಕದಲ್ಲಿ ಅವಳ ಪಾಲು 16 ಎಂಎಲ್, ಮೂರು ಟೀ ಚಮಚದಷ್ಟು. ಸಿರಿಂಜಿನಲ್ಲಿ ತಿಳಿ ಹಳದಿ ಬಣ್ಣ. ಪಂಪ್ ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮುಂದೆ ತಳ್ಳುತ್ತಿತ್ತು. ಸಿಸ್ಟರ್ ಇನ್‌ಕ್ಯುಬೇಟರ್ ಕಿಂಡಿಯಿಂದ ಕೈಬಿಟ್ಟು ಕಿರುಬೆರಳು ಕೊಟ್ಟರು. ಅವಳ ಮುಷ್ಟಿ ಅದನ್ನೂ ಪೂರ್ತಿ ಸುತ್ತಲಿಲ್ಲ.

ಅವಳಿಗಿನ್ನೂ ಹೆಸರಿಟ್ಟಿರಲಿಲ್ಲ. ಹೋಗಿಬಿಟ್ಟರೆ ಏನಂತ ಕರೆದು ಅಳಲಿ ಅಂತ ಆ ಹೊತ್ತು ನನ್ನ ತಲೆಯಲ್ಲಿ ಅದೊಂದೇ. ಹೆಂಡತಿ ಮೇಲಿನ ವಾರ್ಡಿನಲ್ಲಿ ಹೊಲಿಗೆಯ ನೋವಲ್ಲಿದ್ದಳು, ಅವಳಿಗೆ ಏನೂ ಹೇಳಿರಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಹಿಂದಿನಿಂದ ಸಿಸ್ಟರ್ ದನಿ ಕೇಳಿಸಿತು: 'ಬಂಗಾರೀ, ನೋಡು, ಅಪ್ಪ ಇಲ್ಲೇ ಇದಾರೆ.' ಅವಳನ್ನು ಹಾಗೆ ಮೊದಲು ಕರೆದವರು ಅವರು.

ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೂ ಮುಂದಿನ ಕೌಂಟ್ ಬರುವ ತನಕ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು. 74 ಸಾವಿರ ಅಂತ ತಿಳಿದ ಮೇಲೆ ಬಸ್ಸಿಗೆ ಹೋದರು.

ಸಿಸ್ಟರ್, ಮನೆಯಲ್ಲಿ ಇವತ್ತಿಗೂ ಅವಳು ಬಂಗಾರಿಯೇ. ಅಂದು ಕೂಗಾಡಿದ್ದಕ್ಕೆ ಕ್ಷಮಿಸಿ. ಭಾನುವಾರ ನೈಟ್ ಡ್ಯೂಟಿ ಇದ್ದರೆ ಸೋಮವಾರ ಬೆಳಿಗ್ಗೆ ಬನ್ನಿ, ನಿಮ್ಮ ಪಾಲಿನ ಒಬ್ಬಟ್ಟು ತೆಗೆದಿಟ್ಟಿರುತ್ತೇವೆ.