ಇಲ್ಲದ ಸ್ತನವೂ ‘ನಾರ್ಮಲ್’: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ವಿಷಯ: ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಮಹಿಳಾ ಸಿಬ್ಬಂದಿಯಿಂದ ಸ್ತನ ಪರೀಕ್ಷೆ ನಡೆಸುವ ಕುರಿತು (ನಾಲ್ಕನೆಯ ಮನವಿ).

ಮೊದಲ ಮೂರು ಮನವಿಗಳನ್ನು ತಮ್ಮ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮೂರಕ್ಕೂ “ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ” ಎಂಬ ಒಂದೇ ಉತ್ತರ ಬಂದಿದೆ. ಎರಡು ವರ್ಷದಿಂದ ರವಾನೆಯಾಗುತ್ತಲೇ ಇರುವ ಆ ಕಾಗದಗಳು ಈಗ ಎಲ್ಲಿಯವರೆಗೆ ಹೋಗಿವೆಯೋ ತಿಳಿಯದ ಕಾರಣ, ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಸ್ತನ ಕ್ಯಾನ್ಸರ್‌ ಗೆದ್ದು ಉಳಿದವಳು. 2018ರಲ್ಲಿ, ನನಗೆ 43 ವರ್ಷವಾಗಿದ್ದಾಗ, ಬಚ್ಚಲುಮನೆಯಲ್ಲಿ ಸೋಪು ಹಚ್ಚಿಕೊಳ್ಳುತ್ತಿದ್ದ ಕೈಗೆ ಎಡ ಸ್ತನದ ಹೊರಭಾಗದಲ್ಲಿ, ಕಂಕುಳಿನ ಕಡೆಗೆ, ಅವರೆಕಾಳಿನಷ್ಟು ಗಟ್ಟಿ ಗಂಟೊಂದು ಸಿಕ್ಕಿತು. ಒತ್ತಿದರೂ ನೋಯಲಿಲ್ಲ. ನೋವಿಲ್ಲವೆಂಬುದೇ ನನಗೆ ಸಮಾಧಾನವಾಯಿತು; ನೋವಿಲ್ಲದ ಗಂಟನ್ನೂ ಕೂಡಲೇ ತೋರಿಸಬೇಕೆಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕೊನೆಗೆ ತೋರಿಸಲು ಹೋದ ಮೊದಲ ಜಾಗದಲ್ಲಿ ಮೇಜಿನ ಆಚೆ ಕುಳಿತಿದ್ದ ವೈದ್ಯರು ಸೆರಗಿನ ಮೇಲಿಂದಲೇ ನೋಡಿ, ಹಾಲಿನ ಗಂಟಿರಬೇಕೆಂದು ಮಾತ್ರೆ ಬರೆದುಕೊಟ್ಟರು. ನನ್ನ ಕಿರಿಯ ಮಗನಿಗೆ ಆಗ 16 ವರ್ಷ. ಹೀಗೆ ಹತ್ತು ತಿಂಗಳು ಕಳೆದು, ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದು ತೊಟ್ಟು ಒಳಕ್ಕೆ ಸೆಳೆದುಕೊಂಡ ಮೇಲೆ ಮೈಸೂರಿಗೆ ಹೋದೆ. ಮೊದಲು ಕೀಮೋ, ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ಎಡ ಸ್ತನ, ಕೊನೆಗೆ ನಮ್ಮ ಕಡೆಯವರು ‘ಕರೆಂಟು ಕೊಡುವುದು’ ಎನ್ನುವ ರೇಡಿಯೇಷನ್ 25 ದಿನ. ಆ 25 ದಿನವೂ ಮಂಡ್ಯದಿಂದ ಬಸ್ಸಿನಲ್ಲಿ ಹೋಗಿ, ಸುಟ್ಟ ಚರ್ಮಕ್ಕೆ ರವಿಕೆ ತಾಗದಂತೆ ಕಂಬಿಗೆ ಒರಗಿ ನಿಂತು ಹಿಂದಿರುಗಿದ್ದೇನೆ. ಬೋಳು ತಲೆ ನೋಡಿದ ಊರಿನವರು ತಿರುಪತಿಯಲ್ಲಿ ಮುಡಿ ಕೊಟ್ಟೆಯೋ, ಮಾದಪ್ಪನ ಬೆಟ್ಟದಲ್ಲೋ ಎಂದು ಕೇಳುತ್ತಿದ್ದರು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿರುವುದರಿಂದ ಎಡಗೈ ಈಗಲೂ ಬಾತುಕೊಳ್ಳುತ್ತದೆ. ಆ ಕೈಯಲ್ಲಿ ನೀರಿನ ಬಿಂದಿಗೆ ಎತ್ತಲಾರೆ.

ಇಷ್ಟನ್ನು ಬರೆದದ್ದು ಕನಿಕರಕ್ಕಾಗಿ ಅಲ್ಲ, ಮುಂದೆ ಹೇಳುವುದು ಅರ್ಥವಾಗಲೆಂದು.

ಕಳೆದ ಅಕ್ಟೋಬರ್‌ನಲ್ಲಿ ನಮ್ಮೂರಿನಲ್ಲಿ ಸ್ತನ ಕ್ಯಾನ್ಸರ್ ತಪಾಸಣಾ ಶಿಬಿರ ನಡೆಯಿತು. ತಾವೇ ಗುಲಾಬಿ ಟೇಪು ಕತ್ತರಿಸಿ, ತಾಯಂದಿರ ಆರೋಗ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದ್ದು ನೆನಪಿರಬಹುದು. ತಮ್ಮ ಕಾರು ಹೊರಟ ಮೇಲೆ ಶಾಮಿಯಾನದಡಿ ಬಿಪಿ ನೋಡಿದರು, ಬೆರಳು ಚುಚ್ಚಿ ಶುಗರ್ ನೋಡಿದರು, ತೂಕ ಬರೆದುಕೊಂಡರು. ಸ್ತನ ಪರೀಕ್ಷಿಸಲು ಒಂದು ಪರದೆಯೂ ಇರಲಿಲ್ಲ, ಒಬ್ಬ ಸಿಸ್ಟರ್ ಕೂಡ ಇರಲಿಲ್ಲ. ಆದರೂ ನನ್ನ ಕೈಗೆ ಬಂದ ಕಾರ್ಡಿನಲ್ಲಿ “ಸ್ತನ: ಎರಡೂ ನಾರ್ಮಲ್” ಎಂದು ಬರೆದಿತ್ತು. ಶಸ್ತ್ರವೈದ್ಯರು ಗಂಟೆಗಟ್ಟಲೆ ಶ್ರಮಪಟ್ಟು ತೆಗೆದದ್ದನ್ನು ಆ ಶಿಬಿರ ಒಂದು ಟಿಕ್ ಗುರುತಿನಲ್ಲಿ ಮರಳಿ ಕೊಟ್ಟುಬಿಟ್ಟಿತ್ತು! ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಹುಡುಗನನ್ನು ಕೇಳಿದರೆ, “ಕಾಲಂ ಖಾಲಿ ಬಿಟ್ರೆ ಎಂಟ್ರಿ ಮುಂದಕ್ಕೇ ಹೋಗಲ್ಲ ಅಕ್ಕಾ, ಏನಾದ್ರೂ ಇದ್ರೆ ನೀವೇ ಹೇಳ್ತಿದ್ರಲ್ವಾ” ಎಂದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಸಂಜೆಯೊಳಗೆ ಇಷ್ಟು ಎಂಟ್ರಿ ಆಗಬೇಕೆಂದು ಅವನಿಗೆ ಮೇಲಿನವರು ಹೇಳಿದ್ದರು. ನನ್ನ ಹಿಂದೆ ಮುಂದೆ ನಿಂತಿದ್ದ ಹೆಂಗಸರ ಕಾರ್ಡುಗಳಲ್ಲೂ ಅದೇ ಎರಡು ಪದಗಳಿದ್ದವು. ಅವರೆಲ್ಲ ಈಗ ತಮಗೇನೂ ಇಲ್ಲವೆಂದು ನೆಮ್ಮದಿಯಾಗಿದ್ದಾರೆ. ನನಗೆ ಭಯವಿರುವುದು ಆ ನೆಮ್ಮದಿಯ ಬಗ್ಗೆಯೇ.

ನಿಯಮಗಳನ್ನು ತಮಗೆ ಹೇಳಿಕೊಡುವ ಅಗತ್ಯವಿಲ್ಲ. 30 ದಾಟಿದ ಹೆಣ್ಣುಮಕ್ಕಳ ಸ್ತನವನ್ನು ತರಬೇತಾದ ಸಿಬ್ಬಂದಿ 5 ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಬೇಕೆಂಬ 2016ರ ಕೇಂದ್ರದ ಮಾರ್ಗಸೂಚಿ ತಮಗೆ ಗೊತ್ತಿದೆ. ಇದಕ್ಕೆ ಯಂತ್ರ ಬೇಡ, ಸ್ತನದ ಎಕ್ಸ್‌-ರೇ ತೆಗೆಯುವ ಮ್ಯಾಮೊಗ್ರಾಮ್ ಕೊಡಿಸಿ ಎಂದೂ ನಾನು ಕೇಳುತ್ತಿಲ್ಲ. ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಅನುಸರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯ ಕಾರ್ಯಕರ್ತೆಯರು ಬರಿಗೈಯಲ್ಲಿ ಮಾಡಿದ ಪರೀಕ್ಷೆಯಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಬೇಕಾಗಿರುವುದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಕಲಿತ ಒಬ್ಬ ಸಿಸ್ಟರ್, ವಾರದಲ್ಲಿ ಒಂದು ದಿನ.

ಇಲಾಖೆ ಬರುವವರೆಗೆ ಕಾಯಲಾರದೆ ನಾನೇ ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಹೇಳಿಕೊಡುತ್ತಿದ್ದೇನೆ. ನಾದಿದ ಕಣಕದ ಉಂಡೆಯೊಳಗೆ ಅವರೆಕಾಳು ಹುದುಗಿಸಿ, ಮೇಲೆ ತೆಳು ಬಟ್ಟೆ ಹಾಸಿ, ಹುಡುಕಿ ಎನ್ನುತ್ತೇನೆ. ಎಲ್ಲರೂ ಮೊದಲು ಬೆರಳ ತುದಿಯಿಂದ ಚುಚ್ಚುತ್ತಾರೆ, ಕಾಳು ಜಾರಿಹೋಗುತ್ತದೆ. ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಊರಿ, ಮೊದಲು ಹಗುರವಾಗಿ, ಆಮೇಲೆ ತುಸು ಒತ್ತಿ, ಆಮೇಲೆ ಗಟ್ಟಿಯಾಗಿ ಸುತ್ತು ತಿರುಗಿಸಿದಾಗ ಸಿಗುತ್ತದೆ. ಮುಟ್ಟಾಗುವವರು ಆ ತಿಂಗಳ ಮುಟ್ಟು ಮುಗಿದ ಮೇಲಿನ ದಿನಗಳಲ್ಲಿ ತಿಂಗಳಿಗೊಮ್ಮೆ, ಮುಟ್ಟೇ ನಿಂತುಹೋದವರು ಪ್ರತಿ ತಿಂಗಳೂ ಒಂದೇ ತಾರೀಖಿಗೆ, ಕನ್ನಡಿಯ ಮುಂದೆ ಕೈಯೆತ್ತಿ ಎರಡೂ ಕಡೆ ನೋಡಿಕೊಂಡು, ಕೊರಳೆಲುಬಿನಿಂದ ಕಂಕುಳಿನವರೆಗೆ ಬಿಡದೆ ಮುಟ್ಟಿಕೊಳ್ಳಬೇಕೆನ್ನುತ್ತೇನೆ. ಸಿಕ್ಕಿದ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಆದರೆ ಅದನ್ನು ಹೇಳಬೇಕಾದವರು ನಾನಲ್ಲ, ಪಕ್ಕದ ಮನೆಯವರೂ ಅಲ್ಲ. ಕಳೆದ ತಿಂಗಳು ಕಬ್ಬು ಕಡಿಯಲು ಹೋಗುವ ಹೆಣ್ಣುಮಗಳೊಬ್ಬಳು ನನ್ನನ್ನು ಒಳಗೆ ಕರೆದು, “ಅಕ್ಕ, ಇಲ್ಲೇನೋ ಸಿಕ್ತದೆ, ಯಾರ್ಗೆ ತೋರಿಸ್ಲಿ?” ಎಂದು ಕೇಳಿದಾಗ, ಒಂದು ದಿನದ ಕೂಲಿ ಬಿಟ್ಟು ಮೈಸೂರಿಗೆ ಹೋಗು ಎನ್ನುವುದರ ಹೊರತು ನನ್ನ ಬಳಿ ಉತ್ತರವಿರಲಿಲ್ಲ. ಅವಳು ಇನ್ನೂ ಹೋಗಿಲ್ಲ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ: ಒಂದು ಕೋಣೆ, ಒಬ್ಬ ಸಿಸ್ಟರ್, ಒಂದು ದಿನ. ಅಕ್ಟೋಬರ್ ಬರಲೆಂದು ಕಾಯಬೇಡಿ, ಟೇಪು ಕತ್ತರಿಸುವುದೂ ಬೇಡ. ಮೂರು ಸಲ ಬರೆದಿದ್ದೇನೆ, ಇದು ನಾಲ್ಕನೆಯದು. ಯಾವ ವಾರದಿಂದ, ಯಾವ ದಿನ ಎಂದು ತಿಳಿಸಿದರೆ ಸಾಕು. ಆ ಹೆಣ್ಣುಮಗಳನ್ನು ನಾನೇ ಕರೆದುಕೊಂಡು ಬರುತ್ತೇನೆ.

‘ಎರಡೂ ನಾರ್ಮಲ್’ ಎಂದಿರುವ ಕಾರ್ಡು ಮತ್ತು ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಪ್ರತಿಗಳನ್ನು ಲಗತ್ತಿಸಿದ್ದೇನೆ. ಎರಡರಲ್ಲಿ ಯಾವುದು ಸರಿ ಎಂಬುದನ್ನೂ ಸಂಬಂಧಪಟ್ಟವರಿಗೆ ರವಾನಿಸಿ ಕೇಳಬಹುದು.

ಇಂತಿ,
ತಮ್ಮ ಕ್ಷೇತ್ರದ ಮತದಾರಳು,
ಮಂಡ್ಯ ಜಿಲ್ಲೆ