ತಲೆಕೆಳಗಾದ ಚಿತ್ರಗಳನ್ನೂ ಹೇಳಬೇಕಿತ್ತು

ಕಲಾ ಇತಿಹಾಸದ ಸ್ವಾರಸ್ಯಗಳ ಕುರಿತು ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು ಕಳವು ಮತ್ತು ನಕಲುಗಳ ಪ್ರಸಂಗಗಳಿಗೇ ಸೀಮಿತವಾಗಿದ್ದು, ಸಂಗ್ರಹಾಲಯಗಳೇ ಎಸಗಿದ ಪ್ರಮಾದಗಳನ್ನು ಕೈಬಿಟ್ಟಿದೆ. 1961ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಹೆನ್ರಿ ಮಾತೀಸ್ ಅವರ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ತೂಗುತ್ತಿತ್ತು. ತಪ್ಪನ್ನು ಗುರುತಿಸಿದವರು ಅಲ್ಲಿನ ತಜ್ಞರಲ್ಲ, ನೋಡಲು ಬಂದಿದ್ದ ಮಹಿಳೆಯೊಬ್ಬರು ಎಂಬುದು ಇನ್ನೂ ಸೊಗಸು. ಡಚ್ ಕಲಾವಿದ ಪೀಟ್ ಮಾಂಡ್ರಿಯನ್ ಬಣ್ಣದ ಅಂಟುಪಟ್ಟಿಗಳಿಂದ 1941ರಲ್ಲಿ ರಚಿಸಿದ ‘ನ್ಯೂಯಾರ್ಕ್ ಸಿಟಿ 1’ ಕೃತಿಯು ದಶಕಗಳಿಂದ ತಲೆಕೆಳಗಾಗಿಯೇ ಪ್ರದರ್ಶನಗೊಳ್ಳುತ್ತ ಬಂದಿರಬೇಕೆಂಬುದು 2022ರಲ್ಲಿ ಬೆಳಕಿಗೆ ಬಂದರೂ, ತಿರುಗಿಸಿದರೆ ಪಟ್ಟಿಗಳು ಕಳಚಿಹೋದಾವೆಂಬ ಅಳುಕಿನಿಂದ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಸಂಗ್ರಹಾಲಯವು ಅದನ್ನು ಇದ್ದಂತೆಯೇ ಇರಿಸಿಕೊಂಡಿತು. ಅಮೂರ್ತ ಚಿತ್ರ ತಮಗೆ ಅರ್ಥವಾಗದೆಂದು ಹಿಂಜರಿಯುವ ನನ್ನಂಥವರಿಗೆ ಇಂತಹ ಸಂಗತಿಗಳು ಧೈರ್ಯ ಕೊಡುವುದರಿಂದ, ಇವುಗಳನ್ನು ಮೂಲಚಿತ್ರಗಳ ಸಮೇತ ಪ್ರಕಟಿಸುವ ಕಿರು ಅಂಕಣವೊಂದನ್ನು ಪತ್ರಿಕೆ ಆರಂಭಿಸಲಿ.

– ಓರ್ವ ಓದುಗ